ಬೆನ್ನಿನ ಹುಣ್ಣಿಗೆ ಮೈಯದೇ ಮಾಂಸ: ಫ್ಲ್ಯಾಪ್ ಸರ್ಜರಿ ಬೆಳೆದು ಬಂದ ದಾರಿ

ಕೊಡಗಿನಲ್ಲಿ ಕರಿಮೆಣಸು ಕೊಯ್ಯುವ ಕಾಲ ಬಂತೆಂದರೆ ತೋಟದ ತುಂಬ ಸಿಲ್ವರ್ ಓಕ್ ಮರಗಳಿಗೆ ಏಣಿ ಒರಗಿರುತ್ತದೆ. ಇಪ್ಪತ್ತು, ಮೂವತ್ತು ಅಡಿ ಮೇಲೆ ನಿಂತು ಕೊಯ್ಯಬೇಕು. ಜಾರಿ ಬಿದ್ದವರಲ್ಲಿ ಕೆಲವರಿಗೆ ಬೆನ್ನುಮೂಳೆ ಮುರಿದು, ಒಳಗಿನ ನರಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ಪರ್ಶವೇ ಹೋಗುತ್ತದೆ. ಬಿದ್ದ ಸುದ್ದಿ ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ತೋಟದ ಕೆಲಸಗಾರರ ಲೈನ್ ಮನೆಯೊಳಗೆ ಶುರುವಾಗುವ ಹಾಸಿಗೆ ಹುಣ್ಣಿನ ಬಗ್ಗೆ ಯಾರೂ ಕೇಳುವುದಿಲ್ಲ.

ಒಂದೇ ಭಂಗಿಯಲ್ಲಿ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹೋಗುವುದಿಲ್ಲ. ನಾವಾದರೆ ನೋವಾದ ಕೂಡಲೇ ಹೊರಳುತ್ತೇವೆ. ಅವರಿಗೆ ಆ ನೋವೇ ಗೊತ್ತಾಗುವುದಿಲ್ಲ. ಮೇಲೆ ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ ಕಂಡರೂ ಒಳಗೆ ಮುಷ್ಟಿಯಷ್ಟು ಕೊಳೆತಿರಬಹುದು. ಮೂಳೆ ಕಾಣುವ ಮಟ್ಟಕ್ಕೆ ಹೋದ ಹುಣ್ಣು ಬರೀ ಡ್ರೆಸ್ಸಿಂಗ್‌ನಿಂದ ತುಂಬುವುದು ತುಂಬಾ ಕಷ್ಟ. ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಕಸಿ ಮಾಡೋಣವೆಂದರೆ, ಅದಕ್ಕೆ ತನ್ನದೇ ರಕ್ತನಾಳವಿಲ್ಲ, ಬರಿಯ ಮೂಳೆಯಿಂದ ರಕ್ತ ಸಿಗುವುದೂ ಇಲ್ಲ. ಅಲ್ಲಿಗೆ ಬೇಕಾದದ್ದು ಫ್ಲ್ಯಾಪ್. ಪಕ್ಕದ ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯುವನ್ನೂ ರಕ್ತನಾಳ ಕಡಿಯದೆ ಎಬ್ಬಿಸಿ, ತಿರುಗಿಸಿ, ಗುಂಡಿಯಲ್ಲಿ ಕೂರಿಸುತ್ತಾರೆ. ಕಾಫಿ ಗಿಡವನ್ನು ಬೇರಿನ ಮಣ್ಣು ಸಮೇತ ಎತ್ತಿ ನೆಟ್ಟ ಹಾಗೆ.

ಇದರ ಮೂಲ ನಮ್ಮ ದೇಶದ್ದೇ. ಕತ್ತರಿಸಿದ ಮೂಗನ್ನು ಚರ್ಮದಿಂದ ಮತ್ತೆ ಕಟ್ಟುವುದನ್ನು ಸುಶ್ರುತ ವಿವರಿಸಿದ್ದಾನೆ. ಆದರೆ ಯುರೋಪಿನ ಕಣ್ಣು ತೆರೆಸಿದ್ದು ನಮ್ಮ ಸೀಮೆಗೆ ತೀರಾ ಹತ್ತಿರದ ಒಂದು ಘಟನೆ. 1790–92ರ ಮೈಸೂರು ಯುದ್ಧದಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಬಾಂಬೆ ಸೈನ್ಯಕ್ಕೆ ಕೊಡಗಿನ ಮೂಲಕ ದಾರಿ ಕೊಟ್ಟಿದ್ದ. ಅದೇ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಮುಂದೆ ಪುಣೆಯ ಕಡೆ ಒಬ್ಬ ಕುಶಲಕರ್ಮಿ ತೆಳುವಾದ ಮೇಣದ ಹಾಳೆಯಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಗೆರೆ ಎಳೆದ. ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವಿನ ಕೊಂಡಿಯನ್ನು ಮಾತ್ರ ಉಳಿಸಿ, ಕೆಳಕ್ಕೆ ತಿರುಗಿಸಿದ. ಆ ಕೊಂಡಿಯನ್ನು ಕತ್ತರಿಸಿದ್ದು ಸುಮಾರು 25ನೇ ದಿನ. ಲಂಡನ್ನಿನ ಪತ್ರಿಕೆಯೊಂದು 1794ರಲ್ಲಿ ಇದನ್ನು ಚಿತ್ರ ಸಮೇತ ಛಾಪಿಸಿತು.

ಮೂಗಿಗೆ ಅಷ್ಟು ಸಾಕಾಯಿತು. ಎದೆ, ಬೆನ್ನು, ಹೊಟ್ಟೆಯ ದೊಡ್ಡ ಗಾಯಗಳಿಗೆ ಸಾಕಾಗಲಿಲ್ಲ. ಇಟಲಿಯ ಇಜಿನಿಯೊ ಟಾನ್ಸಿನಿ 1896ರ ಸುಮಾರಿಗೆ ಸ್ತನ ಕ್ಯಾನ್ಸರ್ ತೆಗೆದ ಜಾಗಕ್ಕೆ ಬೆನ್ನಿನ ಚರ್ಮ ತಿರುಗಿಸಿ ಹಾಕಿದ. ಅದರ ತುದಿ ಕಪ್ಪಾಗಿ ಸಾಯುತ್ತಿತ್ತು. ಚರ್ಮಕ್ಕೆ ರಕ್ತ ಬರುವುದು ಕೆಳಗಿನ ಲ್ಯಾಟಿಸಿಮಸ್ ಡಾರ್ಸೈ ಎಂಬ ಅಗಲವಾದ ಸ್ನಾಯುವಿನ ಮೂಲಕ ಅಂತ ಆಮೇಲೆ ತಿಳಿಯಿತು. 1906ರಲ್ಲಿ ಸ್ನಾಯು ಸಮೇತ ಎತ್ತಿದ ಫ್ಲ್ಯಾಪ್ ಅನ್ನು ಪ್ರಕಟಿಸಿದ.

ಇಷ್ಟು ಒಳ್ಳೆಯ ಕೆಲಸ ಎಪ್ಪತ್ತು ವರ್ಷ ಮೂಲೆಗೆ ಬಿತ್ತು. ಕಾರಣಗಳಲ್ಲಿ ದೊಡ್ಡದು ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್. ಸ್ತನ ಕ್ಯಾನ್ಸರ್ ಸರ್ಜರಿಯಲ್ಲಿ ಆಗ ಆತನ ಮಾತೇ ಮಾತು. ಗಾಯವನ್ನು ಫ್ಲ್ಯಾಪ್‌ನಿಂದ ಮುಚ್ಚುವುದು ಆತನಿಗೆ ಒಪ್ಪಿಗೆಯಿರಲಿಲ್ಲ. ಒಬ್ಬ ದೊಡ್ಡ ಮನುಷ್ಯ ಬೇಡ ಅಂದದ್ದಕ್ಕೆ ಎಷ್ಟು ಹೆಂಗಸರ ಎದೆಯ ಗಾಯ ಸರಿಯಾದ ಹೊದಿಕೆಯಿಲ್ಲದೆ ಉಳಿದಿರಬಹುದು ಎಂದು ನೆನೆದರೆ ನನಗೆ ಸಿಟ್ಟೇ ಬರುತ್ತದೆ. ಚರ್ಮದ ರಕ್ತನಾಳಗಳ ನಕ್ಷೆಯನ್ನು ಕಾರ್ಲ್ ಮಾನ್‌ಶೊ 1889ರಲ್ಲೇ ಮಾಡಿಟ್ಟಿದ್ದ, ಅದನ್ನೂ ಹೆಚ್ಚು ಜನ ನೋಡಲಿಲ್ಲ. ಸರ್ಜನ್‌ಗಳು ಫ್ಲ್ಯಾಪ್‌ನ ಉದ್ದ ಇಷ್ಟಿದ್ದರೆ ಅಗಲ ಇಷ್ಟಿರಬೇಕು ಅನ್ನುವ ಲೆಕ್ಕದಲ್ಲೇ ದಶಕಗಳನ್ನು ಕಳೆದರು.

1976ರಲ್ಲಿ ಜರ್ಮನಿಯಲ್ಲಿ ನೆವೆನ್ ಒಲಿವಾರಿ ಬೆನ್ನಿನ ಸ್ನಾಯುವನ್ನು ಮತ್ತೆ ಬಳಕೆಗೆ ತಂದ ಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಹೃದಯ ಸರ್ಜರಿಯ ನಂತರ ಕೀವಾದ ಎದೆಮೂಳೆಗೆ ಸ್ನಾಯು ತುಂಬುವುದು 1980ರಲ್ಲಿ ಬಂತು. ಮರುವರ್ಷ ಮ್ಯಾಥಿಸ್ ಮತ್ತು ನಹಾಯ್ ಸ್ನಾಯುಗಳನ್ನು ರಕ್ತನಾಳದ ಲೆಕ್ಕದಲ್ಲಿ ಐದು ಗುಂಪು ಮಾಡಿದರು. ಹೊಟ್ಟೆಯ ಸ್ನಾಯು, ಕೊಬ್ಬಿನಿಂದ ಸ್ತನ ಕಟ್ಟುವುದನ್ನು ಹಾರ್ಟ್‌ರಾಂಫ್ 1982ರಲ್ಲಿ ತೋರಿಸಿದ.

ನಮ್ಮಂಥ ಗುಡ್ಡದ ಸೀಮೆಗೆ ಜಾಸ್ತಿ ಮುಖ್ಯವಾದದ್ದು ಇದರ ನಂತರದ ಹೆಜ್ಜೆ. ಸ್ನಾಯು ಕೊಟ್ಟರೆ ಅದರ ಕೆಲಸವೂ ಹೋಗುತ್ತದೆ, ಅಲ್ವಾ? ಪೃಷ್ಠದ ದೊಡ್ಡ ಸ್ನಾಯು ಮೆಟ್ಟಿಲು, ಏರು ಹತ್ತಲು ಬೇಕು. ಮಡಿಕೇರಿಯಲ್ಲಿ ಎಷ್ಟೋ ಮನೆಗಳಿಗೆ ಮೆಟ್ಟಿಲು ಹತ್ತದೆ ಹೋಗುವ ಹಾಗೇ ಇಲ್ಲ. ಬೆನ್ನಿನ ಲ್ಯಾಟಿಸಿಮಸ್ ಮೈಯನ್ನು ಮೇಲಕ್ಕೆಳೆಯುವ ಸ್ನಾಯು. ಏಣಿ ಹತ್ತುವವರಿಗೆ ಅದು ಬೇಕು. ಕಾಲಿನ ಬಲ ಹೋಗಿ ಮಂಚದಿಂದ ಗಾಲಿಕುರ್ಚಿಗೆ ಕೈಯಲ್ಲೇ ಜಾರುವವರಿಗಂತೂ ಬೇಕೇ ಬೇಕು.

ಇದಕ್ಕೆ ದಾರಿ ತೋರಿಸಿದ್ದು ಜಪಾನಿನ ಇಸಾವೊ ಕೊಶಿಮಾ. ಸ್ನಾಯುವನ್ನು ತೂರಿ ಚರ್ಮಕ್ಕೆ ಬರುವ ಸಣ್ಣ ನಾಳವನ್ನಷ್ಟೇ ಬಿಡಿಸಿಕೊಂಡರೆ ಸ್ನಾಯುವನ್ನು ಇದ್ದಲ್ಲೇ ಬಿಡಬಹುದು ಅಂತ 1989ರಲ್ಲಿ ಹೊಟ್ಟೆಯ ಫ್ಲ್ಯಾಪ್‌ನಲ್ಲಿ ತೋರಿಸಿದರು. 1993ರಲ್ಲಿ ಅದೇ ಉಪಾಯವನ್ನು ಸೊಂಟದ ಹಿಂದಿನ ಹಾಸಿಗೆ ಹುಣ್ಣಿಗೆ ಬಳಸಿದರು. ನಾಳ ಒಂದು, ಎರಡು ಮಿಲಿಮೀಟರ್ ದಪ್ಪ, ಕೆಲಸ ನಾಜೂಕಿನದು. ಮುಂದೆ ಎದ್ದು ನಡೆಯುವ ರೋಗಿಗೆ ಈ ವಿಧಾನವೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಮೈಸೂರಿಗೋ ಮಂಗಳೂರಿಗೋ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದಾಗ ರೋಗಿ ಏನು ಕೆಲಸ ಮಾಡುತ್ತಾರೆ, ಮನೆಯ ದಾರಿ ಹೇಗಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು.

ಆಪರೇಷನ್ ಆದ ಮೇಲೆ ಕೆಲವು ವಾರ ಆ ಜಾಗದ ಮೇಲೆ ಭಾರ ಬೀಳಬಾರದು. ಕವುಚಿಯೋ ಮಗ್ಗುಲಾಗಿಯೋ ಮಲಗಿಸಿ, ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಬೀಡಿ, ಸಿಗರೇಟು ಬೇಡ, ಅದು ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ. ಮೊಟ್ಟೆ, ಮೀನು, ಬೇಳೆ ಚೆನ್ನಾಗಿ ಕೊಡಬೇಕು. ಕೂರಲು ಬಿಟ್ಟಾಗಲೂ ಮೊದಲು ಕಾಲು ಗಂಟೆ ಅಷ್ಟೇ, ಪ್ರತಿ ಸಲ ಎಬ್ಬಿಸಿ ಚರ್ಮ ಕೆಂಪಾಗಿದೆಯಾ ನೋಡಬೇಕು.