ಬಾಳಕದ ಮೆಣಸಿನಕಾಯಿ ಅಂಗಡಿಯಿಂದ ಮರೆಯಾದ ಬಗೆ

ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ದಿನಸಿ ಅಂಗಡಿಗಳಲ್ಲಿ ಬಾಳಕದ ಮೆಣಸಿನಕಾಯಿ, ಅಂದರೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಕಾಯಿ, ಕೇಳಿದರೆ ಈಗ ಸಿಗುವುದು ಎರಡೇ ಉತ್ತರ. ಒಂದು, "ಬರ್ತಾ ಇಲ್ಲ ಸಾರ್." ಇನ್ನೊಂದು, ಮೇಲೆ ಸಾಲಾಗಿ ನೇತುಹಾಕಿದ ಪೊಟ್ಟಣಗಳಲ್ಲಿ ಒಂದನ್ನು ಕಿತ್ತು ಕೈಗಿಡುವುದು. ಪೊಟ್ಟಣದಲ್ಲಿರುವುದು ಮಜ್ಜಿಗೆ ಮೆಣಸಿನಕಾಯಿಯೇ, ಸುಳ್ಳಲ್ಲ. ಆದರೆ ಸಣಕಲು ಕಾಯಿ, ಬಾಯಿಗಿಟ್ಟರೆ ಉಪ್ಪೇ ಉಪ್ಪು, ಖಾರ ಮೊದಲೇ ನಾಲಿಗೆ ಸುಡುತ್ತದೆ. ಈ ಸೀಮೆಯವರು ಹುಡುಕುತ್ತಿರುವುದು ಬೇರೆ ಕಾಯಿ: ಬೆರಳುದ್ದದ್ದು, ತೊಟ್ಟಿನ ಬಳಿ ಅಗಲ, ತುದಿ ಮೊಂಡು, ಸಿಪ್ಪೆ ದಪ್ಪ. ಎಣ್ಣೆಗೆ ಬಿದ್ದೊಡನೆ ಉಬ್ಬಿ ಕಡುಗಂದಾಗಬೇಕು. ಕಚ್ಚಿದಾಗ ಮೊದಲು ಹುಳಿ, ಆಮೇಲೆ ಉಪ್ಪು, ಖಾರ ಕೊನೆಗೆ ಬರಬೇಕು. ಮೊಸರನ್ನಕ್ಕೂ ಬಸ್ಸಾರು ಮುದ್ದೆಗೂ ಅದೇ ಬೇಕು.

ಯಾಕೆ ಹೀಗಾಯಿತು ಅಂದರೆ ಒಬ್ಬೊಬ್ಬರದು ಒಂದೊಂದು ವಾದ. ರೈತರು ಬೀಜದ ಮಾತು ತೆಗೆಯುತ್ತಾರೆ. ಅಂಗಡಿಯವರು ಮಾಡುವವರಿಲ್ಲ ಅನ್ನುತ್ತಾರೆ. ಮಾಡುತ್ತಿದ್ದವರು ರೇಟು ಗಿಟ್ಟಲಿಲ್ಲ ಅನ್ನುತ್ತಾರೆ. ಅಕಾಲ ಮಳೆ, ಲೈಸೆನ್ಸು, ಈಗಿನ ಮಕ್ಕಳ ರುಚಿ ಅನ್ನುವವರೂ ಇದ್ದಾರೆ. ಎಲ್ಲದರಲ್ಲೂ ಒಂದಿಷ್ಟು ನಿಜವಿದೆ. ಯಾವುದು ಮೊದಲು ಕೈಬಿಟ್ಟಿತು, ಯಾವುದು ಅದರ ಹಿಂದೆ ಹೋಯಿತು ಎಂದು ನೋಡಿದರೆ ಮಾತ್ರ ಸಿಕ್ಕು ಬಿಡಿಸಲಾದೀತು.

ಮೆಣಸಿನಕಾಯಿ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದು, ಮುಂದಿನ ನಾನೂರು ವರ್ಷಗಳಲ್ಲಿ ಸೀಮೆಗೊಂದು ತಳಿಯಾಗಿ ನಮ್ಮದೇ ಆಯಿತು. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ, ಬಾವಿ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ನಂಬಿದ ತೋಟಗಳಲ್ಲಿ ಬದನೆ, ಈರುಳ್ಳಿಯ ಮಗ್ಗುಲಲ್ಲಿ ಮನೆ ಮಟ್ಟಿಗೆ ನಾಲ್ಕು ಸಾಲು ಮೆಣಸಿನ ಗಿಡ ಇರುತ್ತಿತ್ತು. ಚೆನ್ನಾಗಿ ಬಂದ ಗಿಡದ ಹಣ್ಣನ್ನು ಬೀಜಕ್ಕೆಂದು ಬಿಡುತ್ತಿದ್ದರು. ಬಾಳಕ ಆ ತೋಟದಿಂದ ಬಂದದ್ದು.

ಮಾಡುವ ಬಗೆ ಗೊತ್ತಿದ್ದರೆ ಮುಂದಿನದು ತಾನಾಗಿ ತಿಳಿಯುತ್ತದೆ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಕೆಲಸ ಶುರು. ಕಾಯಿ ತೊಳೆದು, ನೀರಾರಿಸಿ, ತೊಟ್ಟು ಉಳಿಸಿಕೊಂಡು ಪಕ್ಕಕ್ಕೆ ಒಂದು ಸೀಳು. ಚೆನ್ನಾಗಿ ಹುಳಿತ ಮಜ್ಜಿಗೆಗೆ ಕಲ್ಲುಪ್ಪು, ಇಂಗು, ಹುರಿದು ಪುಡಿ ಮಾಡಿದ ಮೆಂತ್ಯ ಸೇರಿಸಿ ಕಾಯಿ ಮುಳುಗಿಸಬೇಕು. ಬೆಳಗ್ಗೆ ತೆಗೆದು ಚಾಪೆಯ ಮೇಲೆ ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಜಾಡಿಯಲ್ಲಿ ಮಜ್ಜಿಗೆ ಉಳಿಯದಷ್ಟು ಕಾಯಿ ಹೀರಿಕೊಳ್ಳುವ ತನಕ, ನಾಲ್ಕೈದು ದಿನ, ಇದೇ ಓಡಾಟ. ಆಮೇಲೆ ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನುವವರೆಗೆ ಬರೀ ಬಿಸಿಲು. ಕೆಡದಂತೆ ಕಾಯುವುದು ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಮತ್ತು ಉಪ್ಪು. ಖಾರ ಮೆತ್ತಗಾಗುವುದರಲ್ಲೂ ಮಜ್ಜಿಗೆಯ ಕೈವಾಡವಿದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಇರುವುದು ಮುಖ್ಯವಾಗಿ ಬೀಜ ಅಂಟಿಕೊಂಡ ಬಿಳಿ ದಿಂಡಿನಲ್ಲಿ. ಅದು ನೀರಿಗೆ ಬಗ್ಗುವುದಿಲ್ಲ, ಹಾಲಿನ ಕೊಬ್ಬು ಮತ್ತು ಕೇಸೀನ್ ಪ್ರೋಟೀನಿಗೆ ಬಗ್ಗುತ್ತದೆ. ಸಿಪ್ಪೆ ತೆಳುವಾದರೆ ಕಾಯಿ ಮಜ್ಜಿಗೆ ಹಿಡಿಯುವುದಿಲ್ಲ. ತೀರಾ ದಪ್ಪವಾದರೆ, ಬಜ್ಜಿ ಮೆಣಸಿನಕಾಯಿಯಂತೆ, ಒಣಗುವ ಮುಂಚೆ ಬೂಸ್ಟು ಹಿಡಿಯುತ್ತದೆ. ನಾಟಿ ಕಾಯಿ ಎರಡರ ನಡುವಿನದು.

ಮೊದಲು ಕೈಬಿಟ್ಟದ್ದು ಮಜ್ಜಿಗೆ. ಈ ಮಾತನ್ನು ಯಾರೂ ಆಡುವುದಿಲ್ಲ, ನನಗೆ ಮಾತ್ರ ಇದೇ ಮೂಲ ಅನ್ನಿಸುತ್ತದೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಶುರುವಾಗಿ, ಕೋಲಾರ ಸೀಮೆಯ ಹಳ್ಳಿ ಹಳ್ಳಿಗೂ ಡೈರಿ ಬಂತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಮನೆ ಉಳಿದದ್ದು ಡೈರಿಯ ಬಟವಾಡೆಯಿಂದ; ಅದನ್ನು ಮರೆಯಲಾಗದು. ಆದರೆ ಅದಕ್ಕೆ ಮುಂಚೆ ಮಜ್ಜಿಗೆಗೆ ಬೆಲೆ ಇರಲಿಲ್ಲ. ಬೆಣ್ಣೆ ಕಡೆದ ಮೇಲೆ ಉಳಿದದ್ದು ನೆರೆಮನೆಗೆ, ದಾರಿಹೋಕರಿಗೆ, ಬಾಳಕದ ಜಾಡಿಗೆ. ಹಾಲು ಬೆಳಗ್ಗೆ, ಸಂಜೆ ಎರಡು ಹೊತ್ತೂ ಡೈರಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕಡೆಯುವುದೇ ನಿಂತಿತು. ಜಾಡಿಗೆ ಸುರಿಯುವ ಒಂದೊಂದು ಚೊಂಬಿಗೂ ಲೆಕ್ಕ ಬಂತು.

ಆದರೂ ಬಾಳಕ ಆಗಲೇ ಸಾಯಲಿಲ್ಲ. ಎಂಬತ್ತು, ತೊಂಬತ್ತರ ದಶಕ ಅದಕ್ಕೆ ಒಳ್ಳೆಯ ಕಾಲವೇ. ಮನೆ ಖರ್ಚಿಗೆ ಮಾಡುತ್ತಿದ್ದದ್ದು ಅಂಗಡಿಯ ಸರಕಾದದ್ದು ಆಗಲೇ. ಪೇಟೆಯ ಅಂಗಡಿಯವರು ಬೇಸಿಗೆಗೆ ಮುಂಚೆಯೇ ಗೊತ್ತಿರುವ ನಾಲ್ಕೈದು ಮನೆಗಳಿಗೆ ಹೇಳಿಡುತ್ತಿದ್ದರು: "ಅಕ್ಕಾ, ಈ ಸಲ ಐದು ಕೇಜಿ ಜಾಸ್ತಿ ಹಾಕಿ." ಆ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಬಾಳಕ ಮೂರೂ ಒಂದೇ ಮಾಳಿಗೆಯ ಮೇಲೆ ಒಣಗುತ್ತಿದ್ದವು. ಕಾಯಿ ಸೀಳುವ ದಿನ ಅಕ್ಕಪಕ್ಕದ ಹೆಂಗಸರು ಸೇರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆರಳ ಸಂದಿಯೆಲ್ಲ ಉರಿ. ಹರಳೆಣ್ಣೆ ಸವರಿಕೊಂಡು ಕೂರುತ್ತಿದ್ದರು, ಅಂದು ಎಳೆಮಕ್ಕಳನ್ನು ಬೇರೆಯವರೇ ಎತ್ತಿಕೊಳ್ಳಬೇಕು. ಅಂಗಡಿಯಲ್ಲಿ ಅದು ದೊಡ್ಡ ತಗಡಿನ ಡಬ್ಬದಲ್ಲಿರುತ್ತಿತ್ತು. ಮುಚ್ಚಳ ತೆರೆದರೆ ಇಂಗಿನ ವಾಸನೆ ಬೀದಿಗೆ ಬರುತ್ತಿತ್ತು. ಕಾಗದದ ಪೊಟ್ಟಣಕ್ಕೆ ಕೈಯಲ್ಲೇ ತುಂಬಿ, ತೂಗಿ, ದಾರ ಸುತ್ತಿ ಕೊಡುತ್ತಿದ್ದರು. ಇಂಥ ಮನೆಯದ್ದು ಅಂತ ಗಿರಾಕಿಗಳಿಗೂ ಗೊತ್ತಿರುತ್ತಿತ್ತು, ಅದೇ ಬೇಕೆಂದು ಕೇಳಿ ಕೊಳ್ಳುತ್ತಿದ್ದರು.

ಈ ಏರ್ಪಾಡಿನಲ್ಲಿ ಒಂದು ಕೊರತೆ ಇತ್ತು. ಹಸಿ ಮೆಣಸಿನಕಾಯಿಯಲ್ಲಿ ಬಹುಪಾಲು ನೀರೇ. ಕಿಲೋ ಕಾಯಿ ಒಣಗಿದ ಮೇಲೆ ಉಳಿಯುವುದು ಕಾಲು ಕಿಲೋ ಆಸುಪಾಸು. ಕಾಯಿ, ಉಪ್ಪು, ಮಜ್ಜಿಗೆಗೆ ಲೆಕ್ಕ ಹಾಕುತ್ತಿದ್ದರೇ ಹೊರತು ವಾರಗಟ್ಟಲೆ ಮಾಳಿಗೆ ಹತ್ತಿ ಇಳಿದ ಕಾಲಿಗೆ, ಉರಿದ ಬೆರಳಿಗೆ ಯಾರೂ ಲೆಕ್ಕ ಹಾಕಲಿಲ್ಲ. ಮನೆ ಹೆಂಗಸರ ಕೆಲಸ, ಬಿಡುವಿನ ವೇಳೆಯಲ್ಲಿ ಆಗುವಂಥದು ಎಂದೇ ಎಲ್ಲರೂ ತಿಳಿದಿದ್ದರು. ಗೌರಿಬಿದನೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್, ಆಮೇಲೆ ನರಸಾಪುರ, ವೇಮಗಲ್‌ನ ಕಾರ್ಖಾನೆಗಳು ಮನೆ ಬಾಗಿಲಿಗೆ ಬಸ್ಸು ಕಳಿಸಿ ತಿಂಗಳ ಸಂಬಳ ಕೊಟ್ಟಾಗ ಮುಂದಿನ ತಲೆಮಾರು ಬಸ್ಸು ಹತ್ತಿತು. ಹತ್ತಿದ್ದು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಹೊಲದಲ್ಲೂ ಎಲ್ಲ ಬದಲಾಗಿತ್ತು. ಹೈಬ್ರಿಡ್ ತರಕಾರಿ ಈ ಭಾಗಕ್ಕೆ ಹೊಸದಲ್ಲ. ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲೇ 'ಕರ್ನಾಟಕ' ಟೊಮೆಟೊ, 'ಭಾರತ್' ದಪ್ಪ ಮೆಣಸಿನಕಾಯಿಯ ಬೀಜ ಬಿಡುಗಡೆ ಮಾಡಿತ್ತು. 1988ರ ಬೀಜ ನೀತಿ ತರಕಾರಿ ಬೀಜದ ಆಮದಿಗೆ ದಾರಿ ಸಲೀಸು ಮಾಡಿದ ಮೇಲೆ ಅಂಗಡಿಗಳಲ್ಲಿ ಬೀಜದ ಪೊಟ್ಟಣಗಳು ತುಂಬಿದವು. ಬಾವಿ ಬತ್ತಿ, ಬೋರು ಸಾವಿರ ಅಡಿ ದಾಟಿದ ಮೇಲೆ ಅಷ್ಟು ಸಾಲ ಮಾಡಿ ತೆಗೆದ ನೀರಿನಲ್ಲಿ ಮನೆ ಮಟ್ಟಿನ ನಾಲ್ಕು ಸಾಲು ಯಾರು ಬೆಳೆದಾರು? ಕೋಲಾರ ಟೊಮೆಟೊಗೆ ಹೆಸರಾಯಿತು, ಪಾಲಿಹೌಸುಗಳಲ್ಲಿ ಕೆಂಪು, ಹಳದಿ ಕ್ಯಾಪ್ಸಿಕಂ ಬಂತು. ಹಸಿಮೆಣಸಿನಕಾಯಿಯೂ ಲಾರಿಯ ಬೆಳೆಯಾಯಿತು. ಲಾರಿಗೆ ಬೇಕಾದದ್ದು ಉದ್ದನೆಯ, ಕಡುಹಸಿರಿನ, ಖಾರದ, ಬಾಡದೆ ಊರು ಸೇರುವ ಕಾಯಿ. ಬಾಳಕಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಅದರ ವಿರುದ್ಧದ ಗುಣ.

ನಾಟಿ ಬೀಜ ಉಳಿಸಿಕೊಂಡವರಿಗೂ ಅದು ಹಾಗೆಯೇ ಉಳಿಯಲಿಲ್ಲ. ಮೆಣಸಿನ ಹೂವು ತನ್ನ ಪರಾಗದಲ್ಲೇ ಕಾಯಿ ಕಟ್ಟಬಲ್ಲದು, ಆದರೆ ಜೇನುಹುಳ ಪಕ್ಕದ ಹೊಲದಿಂದ ತಂದದ್ದನ್ನೂ ಬೇಡ ಅನ್ನುವುದಿಲ್ಲ. ಸುತ್ತ ಹೈಬ್ರಿಡ್ ಇದ್ದರೆ ಕೆಲವು ವರ್ಷಗಳಲ್ಲಿ ಕಾಯಿಯ ಮೊಂಡು ತುದಿ ಚೂಪಾಗುತ್ತದೆ, ಸಿಪ್ಪೆ ತೆಳುವಾಗುತ್ತದೆ, ಖಾರ ಏರುತ್ತದೆ. ಅದಕ್ಕೆ ಸೇರಿದ ಹಾಗೆ ನುಸಿ, ಥ್ರಿಪ್ಸ್‌ನಂಥ ಸಣ್ಣ ಹುಳಗಳ ಕಾಟಕ್ಕೆ ಎಲೆ ಮುದುರುವ ರೋಗ.

ಅಂಗಡಿ ಕೈಬಿಟ್ಟದ್ದು ಎಲ್ಲಕ್ಕಿಂತ ಕೊನೆಗೆ, ಬೈಗುಳ ಬೀಳುವುದು ಮಾತ್ರ ಅದಕ್ಕೇ. 2006ರ ಆಹಾರ ಸುರಕ್ಷತೆ ಕಾಯ್ದೆಯ ನಿಯಮಗಳು 2011ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. ಪೊಟ್ಟಣ ಕಟ್ಟಿ ಮಾರುವ ತಿನಿಸಿಗೆ ಮಾಡಿದವರ ವಿಳಾಸ, ತಯಾರಿಸಿದ ದಿನ, ನೋಂದಣಿ ಸಂಖ್ಯೆ ಬೇಕಾಯಿತು. ಸಣ್ಣವರಿಗೆ ನೋಂದಣಿ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ, ಅದೇನೂ ಹೊರೆಯಾಗಿರಲಿಲ್ಲ. ಆದರೆ ಬೇಸಿಗೆಯಲ್ಲಿ ಮಾತ್ರ ಮಾಡುವ ನಾಲ್ಕು ಮನೆಗಳಿಗಾಗಿ ಆ ಕಾಗದಪತ್ರಕ್ಕೆ ಓಡಾಡುವವರು ಇರಲಿಲ್ಲ. ವರ್ಷವಿಡೀ ಸರಬರಾಜು ಮಾಡುವ, ಉದ್ದರಿ ಕೊಡುವ ಕಂಪನಿಗಳ ಪೊಟ್ಟಣ ಬಂದಾಗ ತಗಡಿನ ಡಬ್ಬ ಒಳಗೆ ಹೋಯಿತು.

ಇದೇ ಅವಧಿಯಲ್ಲಿ ಇದೇ ಬಯಲುಸೀಮೆಯಲ್ಲಿ ಇನ್ನೊಂದು ನೆನೆಹಾಕಿದ ಕಾಯಿ ದೊಡ್ಡ ಉದ್ಯಮವಾಗಿ ಬೆಳೆದಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಮಿಡಿಸೌತೆ ತುಮಕೂರು ಜಿಲ್ಲೆಯ ಹೊಲಗಳಿಗೂ ಬಂತು, ಆಮೇಲೆ ಆಂಧ್ರ, ತಮಿಳುನಾಡಿಗೂ ಹಬ್ಬಿತು. ಉಪ್ಪುನೀರು, ವಿನೆಗರ್ ತುಂಬಿದ ಪೀಪಾಯಿಗಳಲ್ಲಿ ಅದು ಹಡಗು ಹತ್ತುತ್ತದೆ. 2020-21ರಲ್ಲಿ ಸೌತೆ, ಮಿಡಿಸೌತೆ ಸೇರಿ ದೇಶದಿಂದ ಹೋದದ್ದು 2,23,515 ಟನ್, ಬೆಲೆ 22 ಕೋಟಿ ಡಾಲರ್ ಮೇಲೆ. ಮೆಕ್ಸಿಕೋ ಮೂಲದ ಹಲಪೀನೊ ಮೆಣಸಿನಕಾಯಿಯನ್ನೂ ಹೀಗೆ ನೆನೆಹಾಕಿ ಕಳಿಸುತ್ತಾರೆ. ಈ ಬೆಳೆಗಳಿಗೆ ಬೀಜ, ಗೊಬ್ಬರ ಕಂಪನಿಯೇ ಕೊಡುತ್ತದೆ, ನಾಟಿಗೆ ಮುಂಚೆಯೇ ದರ ಮಾತಾಗುತ್ತದೆ, ಊರಿನಲ್ಲೇ ತೂಕ ಹಾಕಿಕೊಳ್ಳುತ್ತಾರೆ. ನಮ್ಮ ಕಾಯಿಗೆ ಈ ಮೂರರಲ್ಲಿ ಒಂದೂ ಯಾವತ್ತೂ ಸಿಗಲಿಲ್ಲ.

ಈಗ ಕೆಲವು ಮಹಿಳಾ ಸಂಘಗಳು ಬಾಳಕ ಮತ್ತೆ ಶುರುಮಾಡಿವೆ, ಮೇಳಗಳಲ್ಲಿ ತಂದಿಟ್ಟರೆ ಬೇಗ ಖಾಲಿಯಾಗುತ್ತದೆ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆ ಇಂಥವರ ಘಟಕಕ್ಕೆ ಶೇ 35ರಷ್ಟು ಸಹಾಯಧನ ಇಟ್ಟಿತ್ತು, ಮಿತಿ 10 ಲಕ್ಷ ರೂಪಾಯಿ. ಒಣಗಿಸುವ ಯಂತ್ರ ಅದರಲ್ಲಿ ಬರುತ್ತಿತ್ತು. ಅವರು ಬಳಸುವ ಕಾಯಿ ಮಾತ್ರ ಮಾರುಕಟ್ಟೆಯ ಹೈಬ್ರಿಡ್ಡೇ, ಬೇರೆ ಸಿಗದು. ಮೊಂಡು ತುದಿಯ ಕಾಯಿ ಬೇಕಾದರೆ ಹಿತ್ತಲಲ್ಲಿ ಒಂದೆರಡು ಗಿಡ ಉಳಿಸಿಕೊಂಡ ಮನೆಗಳಿಂದ ಹಣ್ಣು ತರಬೇಕು. ಹೂ ಬಿಡುವ ಮುಂಚೆ ಗಿಡಕ್ಕೆ ಸೊಳ್ಳೆಪರದೆ ಕಟ್ಟಿ, ಮೂರು ನಾಲ್ಕು ಬೆಳೆ ಆರಿಸಿ ಆರಿಸಿ ಬೀಜ ಶುದ್ಧ ಮಾಡಬೇಕು. ಉಳಿಸಿದ ಬೀಜವನ್ನು ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ರಕ್ಷಣೆ ಕಾಯ್ದೆ ರೈತರಿಗೆ ಕೊಟ್ಟಿದೆ, ತಳಿಯನ್ನು ಊರಿನ ಹೆಸರಲ್ಲಿ ನೋಂದಾಯಿಸಲೂ ಅವಕಾಶವಿದೆ. ಅಷ್ಟು ಮಾಡುವ ರೈತರಿಗೆ ಬಿತ್ತುವ ಮುಂಚೆ ದರ ಹೇಳುವವರು ಬೇಕು, ಕಾಯಿ ಸೀಳುವ ಕೈಗೆ ದಿನಗೂಲಿ ಲೆಕ್ಕ ಹಿಡಿದು ಬೆಲೆ ಕಟ್ಟಬೇಕು. ಹಾಗೆ ಕಟ್ಟಿದರೆ ಪೊಟ್ಟಣದ್ದಕ್ಕಿಂತ ಬೆಲೆ ಹೆಚ್ಚೇ ಆಗುತ್ತದೆ. ಕೊಳ್ಳಲು ನಾನು ಸಿದ್ಧ, ಡಬ್ಬ ಎಲ್ಲಿ ಹೋಯಿತೆಂದು ಕೇಳುತ್ತಿರುವ ಬಹಳ ಜನರೂ ಸಿದ್ಧರಿದ್ದಾರೆ.