ಹರಕೆ ಮೆರವಣಿಗೆ: ಇಡೀ ಊರು ಹೊತ್ತ ಹರಕೆ

ಮಗುವಿಗೆ ಹುಷಾರಾಗಲಿ ಅಂತ ತಾಯಿ ಹರಕೆ ಹೊರುತ್ತಾಳೆ, ಹುಷಾರಾದ ಮೇಲೆ ಹೋಗಿ ತೀರಿಸಿ ಬರುತ್ತಾಳೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಇಡೀ ಊರೇ ಹರಕೆ ಹೊತ್ತರೆ? ಇನ್ನೂ ಹುಟ್ಟದ ಮಕ್ಕಳ ಪರವಾಗಿಯೂ ಮಾತು ಕೊಟ್ಟುಬಿಟ್ಟರೆ? ಯುರೋಪಿನ ಕಥೋಲಿಕ ಊರುಗಳಲ್ಲಿ ಹೀಗೆ ಹೊತ್ತ ಹರಕೆಗಳಿವೆ. ಅದನ್ನು ವರ್ಷ ವರ್ಷವೂ ತೀರಿಸಲು ಜನ ಒಟ್ಟಾಗಿ ನಡೆಯುವುದೇ ಹರಕೆ ಮೆರವಣಿಗೆ.

ಇಟಲಿಯ ವೆನಿಸ್ ನೋಡಿ. 1630ರಲ್ಲಿ ಅಲ್ಲಿಗೆ ಪ್ಲೇಗ್ ಬಂತು. ಒಂದೂವರೆ ವರ್ಷದಲ್ಲಿ ಊರಿನ ಸುಮಾರು ಮೂರನೇ ಒಂದು ಭಾಗ ಜನ ಸತ್ತರು. ಔಷಧಿ ಇಲ್ಲ, ದಾರಿ ಕಾಣುತ್ತಿಲ್ಲ. ಅಕ್ಟೋಬರ್‌ನಲ್ಲಿ ಅಲ್ಲಿನ ಸೆನೆಟ್ ತೀರ್ಮಾನ ಮಾಡಿತು: ಪ್ಲೇಗ್ ತೊಲಗಿದರೆ ಮೇರಿ ಮಾತೆಗೆ ಚರ್ಚ್ ಕಟ್ಟಿಸುತ್ತೇವೆ, ಊರಿನ ಡೋಜ್, ಅಂದರೆ ಆಳುವ ಮುಖ್ಯಸ್ಥ, ಪ್ರತಿವರ್ಷ ಅಲ್ಲಿಗೆ ಹೋಗಿ ಕೈಮುಗಿಯುತ್ತಾನೆ. ಇದು ಸರ್ಕಾರವೇ ಹೊತ್ತ ಹರಕೆ, ಆದ್ದರಿಂದ ಮುಂದೆ ಬರುವ ಡೋಜ್‌ಗಳನ್ನೂ ಕಟ್ಟಿಹಾಕಿತು.

ಹರಕೆ ಹೊತ್ತ ಡೋಜ್ ನಿಕೊಲೊ ಕಾಂತಾರಿನಿ 1631ರಲ್ಲೇ ತೀರಿಕೊಂಡರು. ಚರ್ಚ್ ವಿನ್ಯಾಸ ಮಾಡಿದ ಬಾಲ್ದಸ್ಸಾರೆ ಲೊಂಗೆನಾ ಕೂಡ 1687ರ ಪ್ರತಿಷ್ಠಾಪನೆ ನೋಡಲು ಇರಲಿಲ್ಲ. 1797ರಲ್ಲಿ ನೆಪೋಲಿಯನ್ ಬಂದ ಮೇಲೆ ಡೋಜ್ ಪದವಿಯೇ ಹೋಯಿತು. ಮಾತು ಕೊಟ್ಟವರ್‍ಯಾರೂ ಉಳಿಯಲಿಲ್ಲ, ಆ ಸರ್ಕಾರವೂ ಉಳಿಯಲಿಲ್ಲ, ಆದರೂ ಹರಕೆ ತೀರಿಸುವ ದಿನ, ನವೆಂಬರ್ 21 ಬಂದರೆ ಜನ ಹೊರಟೇ ಹೊರಡುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸುವುದು ಇದೇ.

ಆ ದಿನಕ್ಕಾಗಿಯೇ ದೊಡ್ಡ ಕಾಲುವೆಯ ಮೇಲೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಜನ ಅದನ್ನು ದಾಟಿ, ಚರ್ಚ್ ಹತ್ತಿರದ ಅಂಗಡಿಗಳಲ್ಲಿ ಉದ್ದದ ಬಿಳಿ ಮೇಣದಬತ್ತಿ ಕೊಂಡು ಒಳಗೆ ಕೊಡುತ್ತಾರೆ. ಪ್ರಧಾನ ಪೀಠದಲ್ಲಿ ಕ್ರೀಟ್ ದ್ವೀಪದಿಂದ 1670ರಲ್ಲಿ ತಂದ ಮಾತೆಯ ಚಿತ್ರವಿದೆ. ಅದರ ಮೇಲಿನ ಶಿಲ್ಪವನ್ನು ಮಾತ್ರ ಸುಮ್ನೆ ನೋಡಿ ಬಂದುಬಿಡಬಾರದು: ಮಾತೆಯ ಒಂದು ಪಕ್ಕ ವೆನಿಸ್ ನಗರ ಹೆಂಗಸಿನ ರೂಪದಲ್ಲಿ ಮಂಡಿಯೂರಿದೆ, ಇನ್ನೊಂದು ಪಕ್ಕ ಪ್ಲೇಗ್ ಎಂಬ ಮುದುಕಿಯನ್ನು ದೇವದೂತನೊಬ್ಬ ಪಂಜು ಹಿಡಿದು ಓಡಿಸುತ್ತಿದ್ದಾನೆ.

ಚರ್ಚ್ ಹೆಸರು ಸಾಂತಾ ಮರಿಯಾ ದೆಲ್ಲಾ ಸಲೂಟೆ. ಸಲೂಟೆ ಅಂದರೆ ಆರೋಗ್ಯ. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರಂದು ತೇರಿಗೆ ಸೇರುವವರಿಗೆ ಈ ಮಾತೆ ಅಪರಿಚಿತಳಲ್ಲ, ಅವಳೇ ನಮ್ಮ ಆರೋಗ್ಯ ಮಾತೆ.

ಹಬ್ಬದ ಊಟವೂ ಬೇರೆಯೇ. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸವನ್ನು ಎಲೆಕೋಸಿನ ಜೊತೆ ಗಂಟೆಗಟ್ಟಲೆ ಬೇಯಿಸಿದ ಸಾರು, ಹೆಸರು ಕಾಸ್ತ್ರಾದಿನಾ. ಪ್ಲೇಗ್ ಕಾಲದಲ್ಲಿ ಊರಿಗೆ ಈ ಮಾಂಸ ತಂದುಕೊಟ್ಟವರು ಸಮುದ್ರದಾಚೆಯ ಡಾಲ್ಮೇಷಿಯಾದವರು ಅಂತ ಅಲ್ಲಿನ ಜನ ಹೇಳುತ್ತಾರೆ.