ಕಟ್ಟಿದವರದ್ದೋ, ಹಾಡಿದವರದ್ದೋ, ದುಡ್ಡು ಹಾಕಿದವರದ್ದೋ: ಇಳಯರಾಜ ಬದುಕಿನಲ್ಲಿ ವೇದಿಕೆಯ ಹಾಡಿನ ಹಕ್ಕು

2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕದಲ್ಲಿದ್ದರು. ಹಾಡಲು ಶುರುಮಾಡಿ ಐವತ್ತು ವರ್ಷವಾದ ಸಂಭ್ರಮಕ್ಕೆ ದೇಶದಿಂದ ದೇಶಕ್ಕೆ ಹೋಗಿ ಕಾರ್ಯಕ್ರಮ ಕೊಡುತ್ತಿದ್ದ ಪ್ರವಾಸ ಅದು. ಜೊತೆಯಲ್ಲಿ ಕೆ.ಎಸ್. ಚಿತ್ರಾ ಮತ್ತು ಮಗ ಎಸ್.ಪಿ. ಚರಣ್ ಇದ್ದರು. ಅಷ್ಟರಲ್ಲಿ ಇಳಯರಾಜ ಅವರ ವಕೀಲರಿಂದ ನೋಟಿಸ್ ಬಂತು: ಅನುಮತಿ ಪಡೆಯದೆ ಇಳಯರಾಜ ಅವರ ಹಾಡುಗಳನ್ನು ವೇದಿಕೆಯ ಮೇಲೆ ಹಾಡುವಂತಿಲ್ಲ. ಎಸ್‌ಪಿಬಿ ಫೇಸ್‌ಬುಕ್‌ನಲ್ಲಿ ವಿಷಯ ತಿಳಿಸಿದರು. ಇಂಥ ಕಾನೂನು ಇದೆಯೆಂದು ತಮಗೆ ಗೊತ್ತಿರಲಿಲ್ಲ, ಇದ್ದರೆ ಪಾಲಿಸಬೇಕಾದ್ದೇ, ಇನ್ನು ಆ ಹಾಡುಗಳನ್ನು ಬಿಟ್ಟು ಬೇರೆಯವರ ಹಾಡುಗಳನ್ನು ಹಾಡುತ್ತೇವೆ ಎಂಬುದು ಅದರ ಸಾರ.

ಒಂದೇ ದಿನದಲ್ಲಿ ಅಭಿಮಾನಿಗಳು ಎರಡು ಪಾಲಾದರು. ಒಂದು ಕಡೆಯವರು ರಾಜಾ ಸರ್‌ಗೆ ದುಡ್ಡಿನ ಆಸೆ ಎಂದರು. ಇನ್ನೊಂದು ಕಡೆಯವರು ಬೇರೆಯವರ ಆಸ್ತಿಯನ್ನು ಕೇಳದೆ ಬಳಸುವುದು ತಪ್ಪಲ್ಲವೇ ಎಂದರು. ಎರಡೂ ಮಾತು ಅರ್ಧಂಬರ್ಧ. ಈ ಜಗಳಕ್ಕೆ ಆಗಲೇ ನಲವತ್ತು ವರ್ಷ ವಯಸ್ಸಾಗಿತ್ತು. ಅದರ ಬೇರು ಈ ಇಬ್ಬರು ಗೆಳೆಯರ ಸ್ವಭಾವದಲ್ಲಿರಲಿಲ್ಲ, ನಮ್ಮ ಕಾನೂನು ಸಂಗೀತವನ್ನು ನೋಡಿದ ಬಗೆಯಲ್ಲಿತ್ತು.

ಮೊದಲು ಇವರಿಬ್ಬರು ಎಲ್ಲಿಂದ ಬಂದರೆಂದು ನೋಡಬೇಕು. ಇಳಯರಾಜ ಹುಟ್ಟಿದ್ದು 1943ರಲ್ಲಿ, ಈಗಿನ ಥೇಣಿ ಜಿಲ್ಲೆಯ ಪಣ್ಣೈಪುರಂನಲ್ಲಿ. ಮನೆಯಲ್ಲಿ ಕರೆಯುತ್ತಿದ್ದದ್ದು ರಾಸಯ್ಯ. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುಗಳ ಮೂಲಕವೇ ಪ್ರಚಾರ ಮಾಡುತ್ತಿದ್ದವರು. ಹದಿನಾಲ್ಕರ ಹರೆಯದಲ್ಲಿ ರಾಸಯ್ಯ ಆ ತಂಡ ಸೇರಿದರು. ತಮ್ಮ ಗಂಗೈ ಅಮರನ್ ಮತ್ತು ಇನ್ನೊಬ್ಬ ಅಣ್ಣ ಭಾಸ್ಕರ್ ಅವರೂ ತಂಡದಲ್ಲಿದ್ದರು. ‘ಪಾವಲರ್ ಬ್ರದರ್ಸ್’ ಎಂಬ ಹೆಸರಿನಲ್ಲಿ ಊರಿಂದೂರಿಗೆ ಹೋಗಿ, ಹಾರ್ಮೋನಿಯಂ ಇಟ್ಟುಕೊಂಡು, ಎದುರಿಗೆ ಕೂತ ಜನರ ಮುಖ ನೋಡುತ್ತ ನುಡಿಸಿದವರು ಇವರು. ಇಳಯರಾಜ ಅವರ ಸಂಗೀತದ ಮೊದಲ ಶಾಲೆ ಬೀದಿಯ ವೇದಿಕೆಯೇ.

1968ರಲ್ಲಿ ಮದ್ರಾಸಿಗೆ ಬಂದರು. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತರು, ಗಿಟಾರ್ ಹಿಡಿದರು, ಸ್ಟಾಫ್ ನೊಟೇಶನ್‌ನಲ್ಲಿ, ಎಂದರೆ ಪಾಶ್ಚಾತ್ಯರ ಸ್ವರಲಿಪಿಯಲ್ಲಿ, ಬರೆಯುವುದನ್ನು ಕಲಿತರು. ಹೊಟ್ಟೆಪಾಡಿಗೆ ವೇದಿಕೆ ಇದ್ದೇ ಇತ್ತು. ಆ ದಿನಗಳಲ್ಲಿ ಎಸ್‌ಪಿಬಿ ಹಾಡುತ್ತಿದ್ದ ವಾದ್ಯಗೋಷ್ಠಿಗಳಲ್ಲಿ ಈ ಅಣ್ಣತಮ್ಮಂದಿರು ವಾದ್ಯ ನುಡಿಸುತ್ತಿದ್ದರು. ಬೇರೆ ಸಂಗೀತ ನಿರ್ದೇಶಕರು ಕಟ್ಟಿದ ಸಿನಿಮಾ ಹಾಡುಗಳನ್ನು ವೇದಿಕೆಯಲ್ಲಿ ಹಾಡಿ ನುಡಿಸಿಯೇ ಇಬ್ಬರ ಗೆಳೆತನ ಬೆಳೆದದ್ದು. ಆ ಹಾಡುಗಳಿಗೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆ ಆಗಿನ ವೇದಿಕೆಗಳಲ್ಲಿ ಯಾರ ತಲೆಗೂ ಬರುತ್ತಿರಲಿಲ್ಲ. 2017ರ ನೋಟಿಸ್ ಅಷ್ಟೊಂದು ಜನರ ಎದೆಗೆ ತಾಗಿದ್ದಕ್ಕೆ ಈ ಹಿನ್ನೆಲೆಯೂ ಕಾರಣವೆಂದು ನನಗೆ ಅನ್ನಿಸುತ್ತದೆ.

ಕನ್ನಡಿಗರಿಗೆ ಆಪ್ತವಾದ ಅಧ್ಯಾಯ ಇದರ ನಂತರದ್ದು. ರಾಜ್‌ಕುಮಾರ್ ಚಿತ್ರಗಳಿಗೆ ಮರೆಯಲಾಗದ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಇಳಯರಾಜ ಸಹಾಯಕರಾಗಿ ಸೇರಿದರು. ಗುರು ಹಾಡಿ ತೋರಿಸಿದ ಟ್ಯೂನಿಗೆ ವಾದ್ಯವೃಂದ ಯಾವುದನ್ನು ಎಲ್ಲಿ ನುಡಿಸಬೇಕು ಎಂದು ಕಾಗದದ ಮೇಲೆ ಇಳಿಸುವುದು ಸಹಾಯಕನ ಕೆಲಸದ ದೊಡ್ಡ ಪಾಲು. ಹೀಗೆ ದುಡಿದ ಸಿನಿಮಾಗಳಲ್ಲಿ ಹೆಚ್ಚಿನವು ಕನ್ನಡದವು. ಆಮೇಲೆ ಸ್ವತಂತ್ರ ಸಂಗೀತ ನಿರ್ದೇಶಕರಾಗಿ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ಗಳ ಮೂಲಕ ಮರಳಿ ಬಂದಾಗ ಅವರು ನಮಗೆ ಹೊಸಬರೇನೂ ಆಗಿರಲಿಲ್ಲ. ‘ಪಲ್ಲವಿ ಅನುಪಲ್ಲವಿ’ಯ ಸಂಗೀತದ ಒಂದು ತುಣುಕು ಎರಡು ದಶಕಗಳ ಮೇಲೆ ಮೊಬೈಲ್ ಕಂಪನಿಯೊಂದರ ಜಾಹೀರಾತಾಗಿ ಮನೆಮನೆಯಲ್ಲೂ ಕೇಳಿಸಿತು. ಕಟ್ಟಿದವರ ಹೆಸರು ಗೊತ್ತಿಲ್ಲದ ಮಕ್ಕಳೂ ಅದನ್ನು ಗುನುಗಿದರು. ಹಾಡಿಗೆ ಸಿನಿಮಾದ ಆಚೆಗೂ ದೊಡ್ಡ ಬದುಕಿದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಜಗಳ ಇರುವುದೂ ಆ ಆಚೆಗಿನ ಬದುಕಿನ ಬಗ್ಗೆಯೇ.

ಇನ್ನು ಕಾನೂನಿನ ಕಡೆಗೆ. ಇಳಯರಾಜ ಅವರ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಿಡುಗಡೆಯಾದದ್ದು 1976ರ ಮೇ ತಿಂಗಳಲ್ಲಿ. ಹತ್ತೇ ತಿಂಗಳಿಗೆ, 1977ರ ಮಾರ್ಚ್ 14ರಂದು, ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಐಪಿಆರ್‌ಎಸ್ ಎಂಬುದು ಸಂಗೀತ ನಿರ್ದೇಶಕರು ಮತ್ತು ಗೀತರಚನಕಾರರ ಪರವಾಗಿ ಶುಲ್ಕ ಸಂಗ್ರಹಿಸಲು 1969ರಲ್ಲಿ ಹುಟ್ಟಿದ ಸಂಸ್ಥೆ. ಚಿತ್ರಮಂದಿರಗಳಲ್ಲಿ ಹಾಡು ಕೇಳಿಸಿದ್ದಕ್ಕೂ ಶುಲ್ಕ ಕೊಡಬೇಕೆಂದು ಅದು ದರಪಟ್ಟಿ ಹೊರಡಿಸಿತು. ನಿರ್ಮಾಪಕರು, ಪ್ರದರ್ಶಕರು ತಕರಾರು ಎತ್ತಿದರು. ಕಾಪಿರೈಟ್ ಮಂಡಳಿ ಸಂಗೀತಗಾರರ ಪರ ನಿಂತಿತು. ಕಲ್ಕತ್ತಾ ಹೈಕೋರ್ಟ್ ಅದನ್ನು ತಿರುವಿಹಾಕಿತು. ಸುಪ್ರೀಂ ಕೋರ್ಟ್ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು: ಹಣ ಕೊಟ್ಟು ಸಂಗೀತ ಮಾಡಿಸಿಕೊಂಡ ನಿರ್ಮಾಪಕನೇ ಮೊದಲ ಒಡೆಯ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಸಂಗೀತ ನಿರ್ದೇಶಕನಿಗೆ ಪಾಲು.

ಬೇರೆ ರೀತಿ ಬರೆದುಕೊಳ್ಳುವ ತಾಕತ್ತು ಆ ಕಾಲದಲ್ಲಿ ಯಾರಿಗಿತ್ತು? ಅವಕಾಶ ಸಿಕ್ಕರೆ ಸಾಕು ಎಂದು ಸ್ಟುಡಿಯೋ ಬಾಗಿಲಲ್ಲಿ ಕಾಯುವ ಸಂಗೀತಗಾರ ನಿರ್ಮಾಪಕನ ಎದುರು ಕೂತು ರಾಯಲ್ಟಿಯ ಷರತ್ತು ಹಾಕುವುದು ಕನಸಿನ ಮಾತು.

ಅದೇ ತೀರ್ಪಿನೊಳಗೆ ಇನ್ನೊಂದು ವಾಕ್ಯವಿದೆ. ಸಿನಿಮಾದ ಭಾಗವಾಗಿ ಅಲ್ಲದೆ ಬೇರೆಯಾಗಿ, ಹಣಕ್ಕಾಗಿ ಸಾರ್ವಜನಿಕವಾಗಿ ತನ್ನ ಸಂಗೀತವನ್ನು ಪ್ರದರ್ಶಿಸುವ ಹಕ್ಕು ಸಂಗೀತ ನಿರ್ದೇಶಕನಿಗೆ ಉಳಿದಿರುತ್ತದೆ ಎನ್ನುತ್ತದೆ ಅದು. ಎಂದರೆ ವೇದಿಕೆ ಅವನದ್ದು. ಆದರೆ ಹಣ ಕೊಟ್ಟು ಮಾಡಿಸಿದ ಕೆಲಸವಾದರೆ ನಿರ್ಮಾಪಕನೇ ಒಡೆಯ ಎನ್ನುವ ಮಾತೂ ಆ ತೀರ್ಪಿನಲ್ಲೇ ಇದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡ ಹಾಗಾಯಿತು.

ಪೀಠದಲ್ಲಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೊನೆಯಲ್ಲಿ ಪ್ರತ್ಯೇಕ ಟಿಪ್ಪಣಿಯೊಂದನ್ನು ಸೇರಿಸಿದರು. ಸಂಗೀತ ಪ್ರೀತಿಸುವ ಯಾರಾದರೂ ಅದನ್ನು ಓದಬೇಕು. ನಮ್ಮ ಕಾನೂನು ಕಾಪಾಡುವುದು ಮನಕಲಕುವ ರಾಗವನ್ನಲ್ಲ, ಅದ್ಭುತ ಕಂಠವನ್ನಲ್ಲ, ಬರವಣಿಗೆಗೋ ಅಚ್ಚಿಗೋ ಇಳಿದ ಸ್ವರಗಳನ್ನು ಮಾತ್ರ ಎಂಬುದನ್ನು ಅವರು ಎತ್ತಿ ತೋರಿಸಿದರು. ಹಾಡುವವರಿಗೆ ಏನೂ ಇಲ್ಲದಿರುವುದು ಭಾರತೀಯ ಸಂಗೀತದ ಸ್ವಭಾವಕ್ಕೇ ಒಗ್ಗದ ಮಾತೆಂದು ಸಂಸತ್ತಿನ ಗಮನ ಸೆಳೆದರು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಆಗ ಇದ್ದ ವ್ಯಾಖ್ಯಾನದ ಪ್ರಕಾರ, ಬರೆದಿಡದ ಸಂಗೀತ ಸಂಗೀತವೇ ಅಲ್ಲ! ಕಿವಿಯಿಂದ ಕಿವಿಗೆ ಹರಿದು ಬಂದ ಪರಂಪರೆಯಿರುವ ನಾಡಿಗೆ ಕಾಗದದ ಮೇಲೆ ಬದುಕುವ ಯುರೋಪಿನ ಸಂಗೀತದ ಅಳತೆಗೋಲು ಹಿಡಿದಿದ್ದರು.

ಈ ಅಳತೆಗೋಲಿಗೆ ತಪ್ಪದೆ ಹೊಂದುವ ಸಂಗೀತಗಾರನೊಬ್ಬ ಸರಿಯಾಗಿ ಆ ಹೊತ್ತಿಗೇ ಬಂದಿದ್ದ. ಹಾರ್ಮೋನಿಯಂ ಮೇಲೆ ಹುಡುಕಾಡದೆ, ಸನ್ನಿವೇಶ ಕೇಳಿಕೊಂಡು ಕೂತು, ಪಿಟೀಲಿಗೆ ಇದು, ಕೊಳಲಿಗೆ ಇದು, ಬೇಸ್ ಗಿಟಾರಿಗೆ ಇದು ಎಂದು ಪೂರ್ತಿ ಸ್ವರಲಿಪಿಯನ್ನು ಬರೆದು ವಾದಕರ ಕೈಗಿಡುವುದು ಇಳಯರಾಜ ಅವರ ಪದ್ಧತಿ. ಒಂದು ಸಾವಿರಕ್ಕೂ ಹೆಚ್ಚು ಸಿನಿಮಾಗಳನ್ನು ಅವರು ಮುಗಿಸಿದ್ದು ಹೀಗೆಯೇ. ತನ್ನ ಕೃತಿಯ ಒಂದೊಂದು ಸ್ವರವನ್ನೂ ಸ್ವಂತ ಕೈಯಿಂದ ಬರೆದವನಿಗೆ, ಇದು ನಿನ್ನದಲ್ಲ ಎಂಬ ಮಾತು ಎಷ್ಟು ಚುಚ್ಚುತ್ತದೆಂದು ಊಹಿಸಿಕೊಳ್ಳಬಹುದು. ಅವರ ಹಠವನ್ನು ನಾನು ಅರ್ಥಮಾಡಿಕೊಂಡದ್ದು ಈ ದಾರಿಯಲ್ಲಿ.

1994ರ ತಿದ್ದುಪಡಿ ಬರವಣಿಗೆಯ ಷರತ್ತನ್ನು ತೆಗೆಯಿತು. ಸ್ವರಲಿಪಿ ಇರಲಿ ಬಿಡಲಿ, ಕಟ್ಟಿದವನೇ ಸಂಗೀತಕಾರ ಎಂದಿತು. ಗಾಯಕರಿಗೂ ವಾದಕರಿಗೂ ‘ಪ್ರದರ್ಶಕರ ಹಕ್ಕು’ ಎಂಬುದು ಮೊದಲ ಬಾರಿ ಸಿಕ್ಕಿತು. ದುಡ್ಡಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದು ಹೋಗಿ ಎಫ್‌ಎಂ, ರಿಂಗ್‌ಟೋನ್ ಬಂದವು. ಪ್ರತಿ ತಿರುವಿನಲ್ಲೂ ಹೊಸ ಆದಾಯ ಹುಟ್ಟಿತು. ಹಾಡು ಕಟ್ಟಿದವರು, ಬರೆದವರು ಹೊರಗೇ ನಿಂತಿದ್ದರು.

2012ರಲ್ಲಿ ದೊಡ್ಡ ಬದಲಾವಣೆ ಬಂತು. ಇದಕ್ಕಾಗಿ ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯ ಒಳಗೂ ಹೊರಗೂ ವರ್ಷಗಟ್ಟಲೆ ಹೋರಾಡಿದರು. ಆ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಸಿನಿಮಾ ಹಾಡು ಚಿತ್ರಮಂದಿರದಲ್ಲಿ ಸಿನಿಮಾದ ಜೊತೆಗಲ್ಲದೆ ಬೇರೆ ಯಾವ ರೀತಿಯಲ್ಲಿ ಬಳಕೆಯಾದರೂ ಸಂಗೀತ ನಿರ್ದೇಶಕನಿಗೂ ಸಾಹಿತ್ಯ ಬರೆದವನಿಗೂ ರಾಯಲ್ಟಿಯಲ್ಲಿ ಸಮಪಾಲಿದೆ. ಆ ಪಾಲನ್ನು ಬರೆದುಕೊಡು ಎಂದು ನಿರ್ಮಾಪಕ ಕೇಳುವಂತಿಲ್ಲ, ಸಂಗೀತಗಾರ ಕೊಟ್ಟರೂ ಊರ್ಜಿತವಾಗದು. ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಕಾಪಿರೈಟ್ ಸಂಘಕ್ಕೆ ಮಾತ್ರ ಕೊಡಬಹುದು.

ವಾರಸುದಾರರು ಎಂಬ ಪದ ಸುಮ್ಮನೆ ಬಂದದ್ದಲ್ಲ. ಹಾಡಿನ ಹಕ್ಕು ಕಟ್ಟಿದವನ ಜೀವಿತಾವಧಿಯ ನಂತರವೂ 60 ವರ್ಷ ಇರುತ್ತದೆ. ಇಳಯರಾಜ ಅವರ ಮನೆಯಲ್ಲಿ ಮೂವರು ಮಕ್ಕಳೂ ಸಂಗೀತಗಾರರೇ: ಕಾರ್ತಿಕ್ ರಾಜ, ಯುವನ್ ಶಂಕರ್ ರಾಜ, ಭವತಾರಿಣಿ. ಪತ್ನಿ ಜೀವಾ 2011ರಲ್ಲಿ ತೀರಿಕೊಂಡರು. ತಂದೆಯ ಸಂಗೀತದಲ್ಲೇ ಹಾಡಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ಮಗಳು ಭವತಾರಿಣಿ 2024ರ ಜನವರಿಯಲ್ಲಿ ಕಾಯಿಲೆಯಿಂದ ಅಗಲಿದರು. ಆಕೆಯ ಕಂಠವಿರುವ ಹಾಡು ಎಲ್ಲೋ ಬಳಕೆಯಾದಾಗ ಅಪ್ಪನ ಕಿವಿಗೆ ಅದು ಬರೀ ಲೆಕ್ಕದ ಪುಸ್ತಕದ ಸಾಲಾಗಿರಲು ಸಾಧ್ಯವಿಲ್ಲ.

ಹಾಗಾದರೆ ಈಗ ವೇದಿಕೆಯ ಹಾಡು ಯಾರದ್ದು? ಗೊಂದಲ ಹುಟ್ಟುವುದು ‘ಹಾಡು’ ಎಂದರೆ ಒಂದೇ ವಸ್ತು ಎಂದುಕೊಳ್ಳುವುದರಿಂದ. ಕಾನೂನಿನ ಕಣ್ಣಿಗೆ ಅದರಲ್ಲಿ ಮೂರು ಪದರಗಳಿವೆ. ಸಾಹಿತ್ಯ ಒಂದು, ಸಂಗೀತ ಒಂದು, ಸ್ಟುಡಿಯೋದಲ್ಲಿ ಆದ ಧ್ವನಿಮುದ್ರಣ ಮತ್ತೊಂದು. ಆರ್ಕೆಸ್ಟ್ರಾದವರು ತಾವೇ ನುಡಿಸಿ ತಾವೇ ಹಾಡಿದಾಗ ಮೂರನೆಯ ಪದರವನ್ನು ಮುಟ್ಟುವುದೇ ಇಲ್ಲ. ಬಳಕೆಯಾಗುವುದು ಮೊದಲ ಎರಡು. ಮೂಲ ಧ್ವನಿಮುದ್ರಣದ ಟ್ರ್ಯಾಕನ್ನೇ ಹಾಕಿಕೊಂಡು ಅದರ ಮೇಲೆ ಹಾಡಿದರೆ ಮಾತ್ರ ಆಡಿಯೊ ಕಂಪನಿಯ ಹಕ್ಕೂ ಸೇರಿಕೊಳ್ಳುತ್ತದೆ. ಕ್ಯಾಸೆಟ್ ಕಂಪನಿಗಳ ಜೊತೆಗಿನ ವ್ಯಾಜ್ಯದಲ್ಲಿ 2019ರಲ್ಲಿ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಇದೇ ಜಾಡಿನಲ್ಲಿ ನಡೆಯಿತು: ನಿರ್ಮಾಪಕರಿಂದ ಧ್ವನಿಮುದ್ರಣ ಕೊಂಡ ಕಂಪನಿಗೆ ಅದರ ಮೇಲೆ ಹಕ್ಕಿದೆ, ಇಳಯರಾಜ ಅವರಿಗೆ ಕರ್ತೃವಾಗಿ ನೈತಿಕ ಹಕ್ಕಿದೆ, ಎಂದರೆ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ಕೆಡಿಸದಂತೆ ತಡೆಯುವ ಹಕ್ಕು. ಮೇಲ್ಮನವಿಗಳು ಅದರ ಹಿಂದೆಯೇ ಬಂದವು. 2024ರಲ್ಲಿ ಮಲಯಾಳಂನ ‘ಮಂಜುಮ್ಮೆಲ್ ಬಾಯ್ಸ್’ ತಂಡಕ್ಕೆ 1991ರ ‘ಗುಣಾ’ ಚಿತ್ರದ ಹಾಡಿನ ವಿಷಯವಾಗಿ ನೋಟಿಸ್ ಹೋದಾಗ, ಆಡಿಯೊ ಕಂಪನಿಗಳಿಂದ ಹಕ್ಕು ಪಡೆದೇ ಬಳಸಿದ್ದೇವೆ ಎಂದು ಅವರು ಉತ್ತರಿಸಿದ್ದರ ಹಿಂದೆ ಇದ್ದದ್ದೂ ಈ ಪದರಗಳ ಗೊಂದಲವೇ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಟಿಕೆಟ್ ಇಟ್ಟು ಕ್ರೀಡಾಂಗಣ ತುಂಬಿಸುವ ಕಾರ್ಯಕ್ರಮದಲ್ಲಿ ಸಂಗೀತ ನಿರ್ದೇಶಕನಿಗೂ ಸಾಹಿತ್ಯ ಬರೆದವನಿಗೂ ಪಾಲು ಹೋಗಲೇಬೇಕು. ದೀಪದವರಿಗೆ, ಶಾಮಿಯಾನದವರಿಗೆ ಕೊಡುವಾಗ ಹಾಡು ಕಟ್ಟಿದವನಿಗೆ ಮಾತ್ರ ಇಲ್ಲ ಎನ್ನುವುದು ಯಾವ ನ್ಯಾಯ? ಆದರೆ ಆ ಶುಲ್ಕದ ಹೊಣೆ ಸಂಘಟಕರದ್ದು. ನೋಟಿಸ್ ಗಾಯಕರ ಹೆಸರಿಗೂ ಹೋದದ್ದೇ ಅಂದು ಮನಸ್ಸು ಕೆಡಿಸಿದ್ದು. ಗಣೇಶನ ಹಬ್ಬದ ರಸಮಂಜರಿಯಲ್ಲಿ ರಾತ್ರಿಯಿಡೀ ಹಾಡಿ ಬೆಳಗಿನ ಬಸ್ಸು ಹಿಡಿಯುವ ಕಲಾವಿದರ ತಲೆಯ ಮೇಲೆ ಈ ಹೊರೆ ಬೀಳಬಾರದು. ಕಾನೂನು ಅಲ್ಲಲ್ಲಿ ಮೆದುವಾಗಿಯೂ ಇದೆ. ಧಾರ್ಮಿಕ ವಿಧಿ, ಸರ್ಕಾರಿ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಮದುವೆಯ ಸಂಭ್ರಮಗಳಿಗೂ ಅದು ಸಲ್ಲುತ್ತದೆಂದು 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತೆ ಸ್ಪಷ್ಟಪಡಿಸಿತು. ಬಡಾವಣೆಯ ಉಚಿತ ವಾದ್ಯಗೋಷ್ಠಿಗೂ ಇಂಥದೇ ಒಂದು ಹಗುರ ವ್ಯವಸ್ಥೆ ಬೇಕು.

ಗೆಳೆಯರಿಬ್ಬರ ಮುನಿಸು ಕೋರ್ಟಿನ ಹೊರಗೇ ಕರಗಿತು. 2019ರ ಜೂನ್‌ನಲ್ಲಿ ಚೆನ್ನೈನಲ್ಲಿ ಇಳಯರಾಜ ಅವರ ಕಾರ್ಯಕ್ರಮಕ್ಕೆ ಎಸ್‌ಪಿಬಿ ಬಂದು ಹಾಡಿದರು. ಮರುವರ್ಷ ಎಸ್‌ಪಿಬಿ ಆಸ್ಪತ್ರೆ ಸೇರಿದಾಗ, ಬೇಗ ಎದ್ದು ಬಾ ಬಾಲು ಎಂದು ಕರೆದು ಇಳಯರಾಜ ವಿಡಿಯೊ ಕಳಿಸಿದರು. 2020ರ ಸೆಪ್ಟೆಂಬರ್ 25ರಂದು ಬಾಲು ಹೊರಟುಹೋದರು.

2025ರ ಮಾರ್ಚ್ 8ರಂದು ಲಂಡನ್ನಿನ ವೇದಿಕೆಯಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ಕನ್ಸರ್ಟ್ ಆರ್ಕೆಸ್ಟ್ರಾದವರು ಇಳಯರಾಜ ಅವರ ‘ವ್ಯಾಲಿಯಂಟ್’ ಸಿಂಫನಿ ನುಡಿಸಿದರು. 81 ದಾಟಿದ ವಯಸ್ಸು. ಆ ಸಿಂಫನಿಗೆ ಹಿಂದೆ ನಿರ್ಮಾಪಕರಿರಲಿಲ್ಲ, ಸಿನಿಮಾ ಸನ್ನಿವೇಶವಿರಲಿಲ್ಲ. ವಾದಕರ ಮುಂದಿನ ಸ್ಟ್ಯಾಂಡುಗಳ ಮೇಲೆ ಅವರು ಬರೆದ ಹಾಳೆಗಳಿದ್ದವು.